ಐವತ್ತಾದ ಮೇಲೆ ಲೇವಿಯನು ಎಲ್ಲಿಗೆ ಹೋದನು?

ಭಾನುವಾರದ ಆರಾಧನೆಯಲ್ಲಿ ಕೊಟ್ಟ ಸಂದೇಶದ ಬರಹರೂಪ
ವಾಕ್ಯಭಾಗ: ಅರಣ್ಯಕಾಂಡ 8:23-26

  

ಸತ್ಯವೇದ ತಂದವರು ಅರಣ್ಯಕಾಂಡ 8ನೇ ಅಧ್ಯಾಯ ತೆರೆಯಿರಿ. ಮೊಬೈಲಿನಲ್ಲಿ ನೋಡುವವರು ಮೊಬೈಲಿನಲ್ಲೇ ನೋಡಿ, ಪರವಾಗಿಲ್ಲ. ಅಕ್ಷರ ಮಸುಕಾಗಿ ಕಾಣುವವರು ಪುಸ್ತಕವನ್ನು ಸ್ವಲ್ಪ ದೂರ ಹಿಡಿಯಿರಿ. ಯಾಕೆ ನಗ್ತೀರಿ? ಅದಕ್ಕೆ ನಮ್ಮಲ್ಲಿ ಒಂದು ಹೆಸರೇ ಇದೆ, ಚಾಳೀಸು. ಮರಾಠಿಯಲ್ಲಿ ಚಾಳೀಸ್ ಅಂದ್ರೆ ನಲವತ್ತು. ನಲವತ್ತರ ಹತ್ತಿರ ಬಂದಾಗ ಕಣ್ಣಿನೊಳಗಿನ ಮಸೂರ ಗಟ್ಟಿಯಾಗುತ್ತೆ, ಹತ್ತಿರದ ಅಕ್ಷರ ಹಿಡಿಯುವುದಿಲ್ಲ. ವಯಸ್ಸಿನ ಹೆಸರನ್ನೇ ತೊಂದರೆಗೆ ಇಟ್ಟುಬಿಟ್ಟರು ನಮ್ಮ ಹಿರಿಯರು. ರಾಜನಿಗೂ ಅದು ಬರುತ್ತೆ, ಕೂಲಿಯವನಿಗೂ ಬರುತ್ತೆ, ಪಾಸ್ಟರಿಗೂ ಬರುತ್ತೆ.

ಈಗ ವಾಕ್ಯಕ್ಕೆ ಬರೋಣ. ಲೇವಿಯರ ಲೆಕ್ಕ, ಲೇವಿಯರ ಕೆಲಸ ಅಂದ ತಕ್ಷಣ ನಾವು ಪುಟ ತಿರುಗಿಸಿಬಿಡ್ತೇವೆ. ಆದರೆ ಈ ನಾಲ್ಕು ವಚನಗಳಲ್ಲಿ ಮೂರು ಮಾತು ಇವೆ, ಗಮನಿಸಿ. ಒಂದು, 25 ವರ್ಷದಿಂದ ಲೇವಿಯನು ದೇವದರ್ಶನದ ಗುಡಾರದ ಸೇವೆಗೆ ಸೇರಬೇಕು. ಎರಡು, 50 ವರ್ಷವಾದಾಗ ಆ ದುಡಿಮೆಯಿಂದ ಅವನಿಗೆ ಬಿಡುಗಡೆ. ಮೂರನೆಯ ಮಾತನ್ನು ಮಾತ್ರ ನಾವು ಗಮನಿಸುವುದೇ ಇಲ್ಲ. ಬಿಡುಗಡೆಯಾದವನು ಮನೆಗೆ ಹೋಗಿ ಮಲಗುವುದಿಲ್ಲ. ತನ್ನ ಸಹೋದರರ ಜೊತೆ ಗುಡಾರದಲ್ಲೇ ಇರುತ್ತಾನೆ, ಅವರಿಗೆ ಸಹಾಯ ಮಾಡ್ತಾನೆ, ಕಾಯುವ ಕೆಲಸದಲ್ಲಿ ನಿಲ್ತಾನೆ. ಆದರೆ ಹೊರುವ ಕೆಲಸ ಇನ್ನು ಅವನದಲ್ಲ.

ಇವತ್ತು ಎರಡು ಪ್ರಶ್ನೆ ನಿಮ್ಮ ಮುಂದೆ ಇಡ್ತೇನೆ. ಶಕ್ತಿ ಇಳಿಯುತ್ತಾ ಬಂದಾಗ ಮನುಷ್ಯನ ಬೆಲೆಯೂ ಇಳಿಯುತ್ತಾ? ಇನ್ನೊಂದು, ನನಗೆ ಇನ್ನೂ ಕೈಲಾಗುತ್ತೆ ಅನ್ನುವ ಒಂದೇ ಕಾರಣಕ್ಕೆ ಜಾಗ ಬಿಡದೆ ಕೂರುವುದು ಸರಿಯಾ? ಇದು ಮುದುಕರ ಪ್ರಶ್ನೆ ಅಂತ ಯೌವನಸ್ಥರು ಮೊಬೈಲು ತೆಗೆಯಬೇಡಿ. 25ರಿಂದ 60ರ ನಡುವೆ ಇರುವ ಪ್ರತಿಯೊಬ್ಬರ ಪ್ರಶ್ನೆ ಇದು. ಮಕ್ಕಳಿಗೆ ಭಾನುವಾರದ ಶಾಲೆ ಇದೆ, ಮುದುಕರನ್ನು ಮನೆಗೆ ಹೋಗಿ ನೋಡ್ತೇವೆ. ಈ ನಡುವಿನವರು ಹೇಗೆ ಬೆಳೆಯಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ. ಅವರು ಬೆಳೆದು ಮುಗಿಸಿದ್ದಾರೆ ಅಂತ ನಾವು ತಿಳಿದುಕೊಂಡಿದ್ದೇವೆ. ಅದು ಸುಳ್ಳು.

1. ಇಪ್ಪತ್ತೈದಕ್ಕೆ ಬಂದವನು, ಮೂವತ್ತಕ್ಕೆ ಹೊತ್ತವನು

ಅರಣ್ಯಕಾಂಡ 4ನೇ ಅಧ್ಯಾಯ ನೋಡಿ. ಅಲ್ಲಿ ಲೇವಿಯರನ್ನು ಎಣಿಸುವಾಗ 30ರಿಂದ 50 ಅಂತ ಇದೆ. 8ನೇ ಅಧ್ಯಾಯದಲ್ಲಿ 25 ಅಂತ ಇದೆ. ಯಾವುದು ಸರಿ? ಯೆಹೂದ್ಯ ಬೋಧಕರು ಬಹಳ ಹಿಂದೆಯೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. 25ಕ್ಕೆ ಕಲಿಯಲು ಬರುತ್ತಾನೆ, 30ಕ್ಕೆ ಹೊರಲು ನಿಲ್ಲುತ್ತಾನೆ. ನಡುವಿನ 5 ವರ್ಷ ಕಲಿಕೆ.

ನಮ್ಮ ದೇಶದ ಸಂವಿಧಾನ ನೋಡಿ, ಅಲ್ಲೂ ಇಂಥದ್ದೇ ಮೆಟ್ಟಿಲುಗಳಿವೆ. 18ಕ್ಕೆ ಓಟು ಹಾಕಬಹುದು. ಲೋಕಸಭೆಗೆ ನಿಲ್ಲಲು 25 ಆಗಬೇಕು, ರಾಜ್ಯಸಭೆಗೆ 30, ರಾಷ್ಟ್ರಪತಿ ಆಗಲು 35. ಓಟು ಹಾಕುವ ಬುದ್ಧಿ ಒಂದು ವಯಸ್ಸಿಗೆ ಬರುತ್ತೆ, ಇತರರ ಹೊರೆ ಹೊರುವ ಬುದ್ಧಿ ಇನ್ನೊಂದು ವಯಸ್ಸಿಗೆ ಬರುತ್ತೆ ಅಂತ ಅದನ್ನು ಬರೆದವರು ಎಣಿಸಿದ್ದರು. ಮಿದುಳಿನ ಬಗ್ಗೆ ಅಧ್ಯಯನ ಮಾಡಿದವರೂ ಹತ್ತಿರ ಹತ್ತಿರ ಇದನ್ನೇ ಹೇಳ್ತಾರೆ. ಹಣೆಯ ಹಿಂದಿರುವ ಭಾಗ, ಮುಂದಾಲೋಚನೆ ಮಾಡುವ, ಆತುರವನ್ನು ತಡೆಯುವ ಭಾಗ, ಇಪ್ಪತ್ತರ ನಡುವಿನ ವರ್ಷಗಳವರೆಗೂ ಬಲಿಯುತ್ತಾ ಇರುತ್ತೆ. ಜೆಫ್ರಿ ಆರ್ನೆಟ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು 2000ದಲ್ಲಿ ಈ ಕಾಲಕ್ಕೆ ಒಂದು ಪ್ರತ್ಯೇಕ ಹೆಸರು ಕೊಟ್ಟರು. 18ರಿಂದ 25ರವರೆಗಿನವರು ಹದಿಹರೆಯದವರೂ ಅಲ್ಲ, ಪೂರ್ತಿ ವಯಸ್ಕರೂ ಅಲ್ಲ, ವಯಸ್ಕರಾಗುತ್ತಾ ಇರುವವರು ಅಂದರು.

ಹಾಗಾದರೆ ಹೆತ್ತವರೇ, ಕೇಳಿ. 24 ವರ್ಷದ ಮಗನನ್ನು ನೋಡಿ ಪಕ್ಕದ ಮನೆಯವರ ಮಗ ಸೆಟ್ಲ್ ಆಗಿದ್ದಾನೆ, ನೀನು ಯಾವಾಗ ಅಂತ ದಿನಾ ಚುಚ್ಚುವುದು ಬಿಡಿ. ಯೋಸೇಫನನ್ನು ಮಾರಿದಾಗ ಅವನಿಗೆ ಹದಿನೇಳರ ಪ್ರಾಯ. ಫರೋಹನ ಮುಂದೆ ನಿಂತಾಗ 30. ದಾವೀದನು ಅರಸನಾದಾಗ 30. ನಮ್ಮ ಕರ್ತನು ಸೇವೆ ಆರಂಭಿಸಿದಾಗ ಹೆಚ್ಚುಕಡಿಮೆ 30 ಅಂತ ಲೂಕನು ಬರೆಯುತ್ತಾನೆ. ದೇವರಿಗೆ ಅವಸರ ಇರಲಿಲ್ಲ.

ಆದರೆ ಯೌವನಸ್ಥರೇ, ನೀವೂ ಕೇಳಿ, ಚಪ್ಪಾಳೆ ತಟ್ಟಬೇಡಿ. ಕಲಿಯುವ ವರ್ಷ ಅಂದ್ರೆ ಕಾಯುವ ವರ್ಷ ಅಲ್ಲ. ಯೋಸೇಫನು 13 ವರ್ಷ ಏನು ಮಾಡಿದ? ಪೋಟೀಫರನ ಮನೆಯ ಲೆಕ್ಕ ನೋಡಿಕೊಂಡ, ಸೆರೆಮನೆಯಲ್ಲಿ ಇತರ ಕೈದಿಗಳನ್ನು ನೋಡಿಕೊಂಡ. ಐಗುಪ್ತದ ಧಾನ್ಯ ನೋಡಿಕೊಳ್ಳುವುದನ್ನು ಅವನು ಕಲಿತದ್ದು ಅಲ್ಲಿ. 25ರ ಲೇವಿಯನು ಗುಡಾರದ ಹೊರಗೆ ಕೂತು ರೀಲ್ಸ್ ನೋಡ್ತಾ 30 ಆಗಲಿ ಅಂತ ಕಾಯಲಿಲ್ಲ. ಹೊರುವವರ ಪಕ್ಕದಲ್ಲಿ ನಡೆದ.

ಎರಿಕ್ ಎರಿಕ್‌ಸನ್ ಅನ್ನುವವರು 1950ರಲ್ಲಿ ಒಂದು ಪುಸ್ತಕ ಬರೆದು ಮನುಷ್ಯನ ಬದುಕಿಗೆ ಎಂಟು ಹಂತ ಹೇಳಿದರು. ಯೌವನದ ಹಂತದ ಪರೀಕ್ಷೆ ಯಾವುದು ಅಂದ್ರೆ, ಇನ್ನೊಬ್ಬರಿಗೆ ಮನಸ್ಸು ಕೊಟ್ಟು ಹತ್ತಿರವಾಗುವುದಾ, ಇಲ್ಲ ಒಂಟಿಯಾಗಿ ಉಳಿಯುವುದಾ. ಅವರು ಹೇಳುವ ಹತ್ತಿರ ಅಂದ್ರೆ ಬರೀ ಮದುವೆ ಅಲ್ಲ. ನಮ್ಮಲ್ಲಿ ಮದುವೆ ಬೇಗ ಆಗಿಬಿಡುತ್ತೆ. ಛತ್ರ ಬುಕ್ ಆಗುತ್ತೆ, ಊಟ ಆಗುತ್ತೆ, ಫೋಟೋ ಆಗುತ್ತೆ. ಹತ್ತು ವರ್ಷ ಆದ ಮೇಲೂ ಗಂಡ ಹೆಂಡತಿಗೆ ತನ್ನ ಭಯ ಏನು ಅಂತ ಹೇಳಿರುವುದಿಲ್ಲ. ಮದುವೆಯಾದವರೂ ಒಂಟಿಯಾಗಿರಬಹುದು. ಮದುವೆಯಾಗದ ಸಹೋದರಿ ಸ್ನೇಹದಲ್ಲೂ ಸಭೆಯಲ್ಲೂ ತುಂಬಿ ಬಾಳಬಹುದು. ಆದುದರಿಂದ ಮದುವೆಯಾಗದವರನ್ನು ಅರ್ಧ ಮನುಷ್ಯರ ಹಾಗೆ ನೋಡಬೇಡಿ.

2. ಹೆಗಲಿಗೆ ಲೆಕ್ಕ ಇದೆ

ಈಗ 30ರಿಂದ 50. ಗುಡಾರವನ್ನು ಬಿಚ್ಚಿ ಸಾಗಿಸುವಾಗ ಗೇರ್ಷೋನ್ಯರಿಗೆ 2 ಬಂಡಿ, 4 ಎತ್ತು ಕೊಟ್ಟರು. ಮೆರಾರೀಯರಿಗೆ 4 ಬಂಡಿ, 8 ಎತ್ತು. ಕೆಹಾತ್ಯರಿಗೆ ಒಂದೂ ಕೊಡಲಿಲ್ಲ. ಪರಿಶುದ್ಧ ವಸ್ತುಗಳನ್ನು ಅವರು ಹೆಗಲ ಮೇಲೆಯೇ ಹೊರಬೇಕಿತ್ತು. ಮರಳಿನಲ್ಲಿ, ಬಿಸಿಲಲ್ಲಿ ಹೆಗಲ ಮೇಲೆ. ಅಂಥ ಕೆಲಸಕ್ಕೆ ವಯಸ್ಸಿನ ಗಡಿ ಹಾಕಿದ್ದು ಅವಮಾನ ಅಲ್ಲ, ದಯೆ.

ನಮ್ಮ ದೇಹ ಹೇಗೆ ಕೆಲಸ ಮಾಡುತ್ತೆ ಅಂತ ತಿಳಿದರೆ ಆ ದಯೆ ಅರ್ಥವಾಗುತ್ತೆ. ಮೂಳೆ ಅತಿ ಗಟ್ಟಿಯಾಗಿರುವುದು 30ರ ಆಸುಪಾಸಿನಲ್ಲಿ. ಅಲ್ಲಿಂದ ಮುಂದೆ, ಮೈಗೆ ಕೆಲಸ ಕೊಡದೆ ಇದ್ದರೆ, ಹತ್ತು ವರ್ಷಕ್ಕೆ ಶೇಕಡಾ 3ರಿಂದ 8ರಷ್ಟು ಸ್ನಾಯು ಕರಗುತ್ತೆ ಅಂತ ವೈದ್ಯರು ಹೇಳ್ತಾರೆ. ಒಂದೇ ದಿನದಲ್ಲಿ ಗೊತ್ತಾಗುವುದಿಲ್ಲ. ಎರಡನೇ ಮಹಡಿ ಹತ್ತುವಾಗ ಗೊತ್ತಾಗುತ್ತೆ. ಹೆಂಗಸರಲ್ಲಿ 45ರಿಂದ 50ರ ಸುತ್ತ ಮುಟ್ಟು ನಿಲ್ಲುವ ಕಾಲ. ನಿದ್ದೆ ಇಲ್ಲ, ಮೈಯೆಲ್ಲಾ ಬಿಸಿ, ಕಾರಣ ಇಲ್ಲದೆ ಅಳು. ಮನೆಯವರು ಏನು ಹೇಳ್ತಾರೆ? ಇವಳಿಗೆ ಸಿಡುಕು ಜಾಸ್ತಿ ಆಯ್ತು, ಪ್ರಾರ್ಥನೆ ಕಡಿಮೆ ಆಯ್ತು ಅಂತಾರೆ. ಅಣ್ಣಂದಿರೇ, ಅದು ಪ್ರಾರ್ಥನೆ ಕಡಿಮೆಯಾಗಿದ್ದಲ್ಲ. ದೇಹ ಒಂದು ಕಾಲದಿಂದ ಇನ್ನೊಂದು ಕಾಲಕ್ಕೆ ದಾಟುತ್ತಾ ಇದೆ. ಆಕೆಯನ್ನು ಗದರಿಸಬೇಡಿ, ಒಂದು ಲೋಟ ನೀರು ಕೊಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಇನ್ನೊಂದು ವಿಷಯ ಸ್ಪಷ್ಟವಾಗಿ ಹೇಳ್ತೇನೆ. ನಮ್ಮ ಜನರಿಗೆ ಹೃದಯಾಘಾತ ಪಾಶ್ಚಾತ್ಯರಿಗಿಂತ ಹಲವು ವರ್ಷ ಮೊದಲೇ ಬರುತ್ತೆ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ 30 ದಾಟಿದವರಿಗೆ ಬಿಪಿ, ಸಕ್ಕರೆ ತಪಾಸಣೆ ಮಾಡುವ ಕಾರ್ಯಕ್ರಮ ಇದೆ. ನಾವು ಸ್ವಸ್ಥತೆಯ ದೇವರನ್ನು ನಂಬುವವರು, ಅದರಲ್ಲಿ ಸಂಶಯ ಇಲ್ಲ. ಆದರೆ ಸಕ್ಕರೆ ಪರೀಕ್ಷೆ ಮಾಡಿಸಿಕೊಂಡರೆ ವಿಶ್ವಾಸ ಕಡಿಮೆಯಾಯ್ತು ಅಂತ ಯಾರೂ ಹೇಳಬೇಡಿ. ಪ್ರಾರ್ಥನೆಯನ್ನೂ ಮಾಡಿ, ಪರೀಕ್ಷೆಯನ್ನೂ ಮಾಡಿಸಿ. ನಿಮ್ಮ ಮೇಲೆ ಇನ್ನೂ ನಾಲ್ಕು ಜನರ ಹೊರೆ ಇದೆ.

3. ಒಂದು ಇಳಿಯುವಾಗ ಇನ್ನೊಂದು ಏರುತ್ತೆ

ಅರವತ್ತಕ್ಕೆ ಅರಳು ಮರಳು ಅಂತ ಒಂದು ಗಾದೆ ಇದೆ. ಅದನ್ನು ಕೇಳಿ ಕೇಳಿ 45ಕ್ಕೇ ಹೆದರಿಕೆ ಶುರುವಾಗುತ್ತೆ. ಹೆಸರು ಮರೆತುಹೋಯ್ತು, ಬೀಗದ ಕೈ ಎಲ್ಲಿಟ್ಟೆ ಗೊತ್ತಾಗಲಿಲ್ಲ, ಆಯ್ತು, ನನ್ನ ಕಥೆ ಮುಗೀತು ಅಂತ.

ಮುಗಿದಿಲ್ಲ. ರೇಮಂಡ್ ಕ್ಯಾಟೆಲ್ ಅನ್ನುವ ಮನಶ್ಶಾಸ್ತ್ರಜ್ಞರು ಬುದ್ಧಿಯನ್ನು ಎರಡು ಬಗೆ ಮಾಡಿದರು. ಒಂದು ಚುರುಕಿನ ಬುದ್ಧಿ. ಹೊಸ ಸಮಸ್ಯೆ ಕಂಡ ಕೂಡಲೇ ಬಿಡಿಸುವುದು, ಹೊಸ ಫೋನನ್ನು ಎರಡು ನಿಮಿಷದಲ್ಲಿ ಅರ್ಥಮಾಡಿಕೊಳ್ಳುವುದು. ಇನ್ನೊಂದು ಕೂಡಿಟ್ಟ ಬುದ್ಧಿ. ಬದುಕಿನಲ್ಲಿ ಕಲಿತದ್ದು, ಮಾತಿನ ಸಂಪತ್ತು, ಜನರನ್ನು ಓದುವುದು. ಮೊದಲನೆಯದು ಯೌವನದಲ್ಲೇ ತುದಿ ಮುಟ್ಟಿ ಇಳಿಯಲು ಶುರು. ಎರಡನೆಯದು ನಡುವಯಸ್ಸು ದಾಟುವವರೆಗೂ ಬೆಳೆಯುತ್ತೆ. ಅಮೆರಿಕದ ಸಿಯಾಟಲ್‌ನಲ್ಲಿ ವಾರ್ನರ್ ಷಾಯ್ ಅನ್ನುವವರು 1956ರಲ್ಲಿ ಒಂದು ಅಧ್ಯಯನ ಶುರು ಮಾಡಿ ಅದೇ ಜನರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸಿದರು. ಅವರು ಅಳೆದ ಆರು ಸಾಮರ್ಥ್ಯಗಳಲ್ಲಿ ನಾಲ್ಕು, ಜನ ನಡುವಯಸ್ಸಿನಲ್ಲಿದ್ದಾಗಲೇ ಅತ್ಯುತ್ತಮವಾಗಿದ್ದವು. ಲೆಕ್ಕ ಮಾಡುವ ಶಕ್ತಿ, ಕಂಡದ್ದನ್ನು ಬೇಗ ಗುರುತಿಸುವ ವೇಗ, ಇವು ಇಳಿದವು. ಪದಜ್ಞಾನ, ತರ್ಕ ಮಾಡಿ ತೀರ್ಮಾನಕ್ಕೆ ಬರುವ ಶಕ್ತಿ, ಇಂಥವು ಉಳಿದವು, ಬೆಳೆದವು.

ಈಗ ಮತ್ತೆ ಲೇವಿಯನ ಹತ್ತಿರ ಬನ್ನಿ. ಮೆರಾರೀಯರ ಪಾಲಿಗೆ ಬಂದದ್ದು ಹಲಗೆ, ಕಂಬ, ಗೂಟ, ಹಗ್ಗ. ಒಂದೊಂದು ಸಾಮಾನನ್ನೂ ಹೆಸರು ಹಿಡಿದು ಒಪ್ಪಿಸಬೇಕು ಅಂತ ಅಪ್ಪಣೆ. ಯೋಚಿಸಿ ನೋಡಿ. ಇಪ್ಪತ್ತು ವರ್ಷ ಆ ಕಂಬಗಳನ್ನು ಹೊತ್ತವನಿಗೆ ಯಾವ ಗೂಟ ಎಲ್ಲಿಗೆ, ಯಾವ ಹಗ್ಗ ಸವೆದಿದೆ ಅಂತ ಕಣ್ಣು ಮುಚ್ಚಿ ಗೊತ್ತಿರುತ್ತೆ. 50ಕ್ಕೆ ಅವನ ಹೆಗಲನ್ನು ದೇವರು ಬಿಡಿಸಿದನು, ಅವನ ಕಣ್ಣನ್ನೂ ಅನುಭವವನ್ನೂ ಬಿಡಲಿಲ್ಲ. ಅವನನ್ನು ಕಾಯುವ ಕೆಲಸಕ್ಕೆ ಇಟ್ಟನು. ಮೊದಲ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಶಕ್ತಿ ಇಳಿದಾಗ ಬೆಲೆ ಇಳಿಯಲಿಲ್ಲ. ಕೆಲಸ ಬದಲಾಯ್ತು. ಆಮೆನ್ ಹೇಳೋಣವಾ?

4. ಹಿಜ್ಕೀಯನಿಗೆ ಸಿಕ್ಕ ಹದಿನೈದು ವರ್ಷ

ಎರಡನೇ ಪ್ರಶ್ನೆ ಸ್ವಲ್ಪ ಕಷ್ಟ. ಇನ್ನೂ ಕೈಲಾಗುತ್ತೆ ಅಂತ ಹಿಡಿದುಕೊಂಡು ಕೂರುವುದು ಸರಿಯಾ?

ಎರಿಕ್‌ಸನ್ ನಡುವಯಸ್ಸಿಗೆ ಒಂದು ಪರೀಕ್ಷೆ ಹೇಳಿದರು. ಮುಂದಿನ ತಲೆಮಾರನ್ನು ಬೆಳೆಸುವುದಾ, ಇಲ್ಲ ನಿಂತ ನೀರಾಗುವುದಾ? ಅವರು ಮಕ್ಕಳನ್ನು ಹೆರುವುದನ್ನಷ್ಟೇ ಹೇಳಲಿಲ್ಲ. ಮೇಷ್ಟ್ರು ಶಿಷ್ಯನನ್ನು ಬೆಳೆಸುವುದು, ಮೇಸ್ತ್ರಿ ಹುಡುಗನಿಗೆ ಕರಣೆ ಹಿಡಿಯಲು ಕಲಿಸುವುದು, ಎಲ್ಲಾ ಅದರಲ್ಲೇ ಬರುತ್ತೆ. ತನ್ನ ನಂತರ ಏನಾಗುತ್ತೆ ಅಂತ ಯೋಚಿಸದ ಮನುಷ್ಯ ತನ್ನನ್ನೇ ತಾನು ಮುದ್ದುಮಾಡಿಕೊಳ್ಳುತ್ತಾ ಬತ್ತಿಹೋಗುತ್ತಾನೆ.

ಇದಕ್ಕೆ ಸತ್ಯವೇದದಲ್ಲಿ ಒಬ್ಬ ಒಳ್ಳೆಯ ಅರಸನ ಉದಾಹರಣೆ ಇದೆ, ಹಿಜ್ಕೀಯ. 2 ಅರಸುಗಳು 18ರ ಪ್ರಕಾರ ಪಟ್ಟಕ್ಕೆ ಬಂದಾಗ 25 ವರ್ಷ, ಆಳಿದ್ದು 29 ವರ್ಷ. ನಡುವೆ ಮರಣಕರ ರೋಗ ಬಂತು. ಗೋಡೆಯ ಕಡೆ ಮುಖ ತಿರುಗಿಸಿ ಅತ್ತ. ದೇವರು 15 ವರ್ಷ ಕೂಡಿಸಿ ಕೊಟ್ಟನು. ಲೆಕ್ಕ ಹಾಕಿದರೆ ಆಗ ಅವನಿಗೆ 39ರ ಆಸುಪಾಸು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಚಾಳೀಸು ಬರುವ ಹೊತ್ತು. ಗುಣವಾದ ಮೇಲೆ ಬಾಬೆಲಿನವರು ನೋಡಲು ಬಂದರು. ಇವನು ಬೊಕ್ಕಸ, ಬೆಳ್ಳಿ, ಬಂಗಾರ, ಆಯುಧ, ಎಲ್ಲಾ ತೆರೆದು ತೋರಿಸಿದ. ಪ್ರವಾದಿ ಯೆಶಾಯ ಬಂದು, ಇದೆಲ್ಲಾ ಒಂದು ದಿನ ಬಾಬೆಲಿಗೆ ಹೋಗುತ್ತೆ, ನಿನ್ನ ಸಂತಾನದವರೂ ಹೋಗ್ತಾರೆ ಅಂದ. ಅದಕ್ಕೆ ಹಿಜ್ಕೀಯನ ಉತ್ತರದ ತಾತ್ಪರ್ಯ ಏನು ಗೊತ್ತಾ? ಒಳ್ಳೆಯದೇ ಆಯ್ತು, ನನ್ನ ಕಾಲದಲ್ಲಿ ಸಮಾಧಾನ ಇರುತ್ತಲ್ಲಾ!

ರೋಗ ಬಂದಾಗ ಅತ್ತವನು ಮಕ್ಕಳ ಸುದ್ದಿ ಕೇಳಿದಾಗ ಅಳಲಿಲ್ಲ. ಅವನು ಸತ್ತಾಗ ಮಗ ಮನಸ್ಸೆಗೆ 12 ವರ್ಷ. ಅಂದರೆ ಆ ಹುಡುಗ ಹುಟ್ಟಿದ್ದೇ ಕೂಡಿಸಿ ಕೊಟ್ಟ 15 ವರ್ಷದೊಳಗೆ. ಅಪ್ಪ ಕೆಡವಿದ ಪೂಜಾಸ್ಥಳಗಳನ್ನು ಆ ಮಗ ಮತ್ತೆ ಕಟ್ಟಿಸಿದ. ಮಗ ದಾರಿ ತಪ್ಪಿದರೆ ಅಪ್ಪನದೇ ತಪ್ಪು ಅಂತ ನಾನು ಹೇಳ್ತಾ ಇಲ್ಲ, ಕಣ್ಣೀರಿಡುವ ತಂದೆತಾಯಿಗಳ ಮೇಲೆ ಆ ಹೊರೆ ಹಾಕುವುದಿಲ್ಲ. ಮನಸ್ಸೆ ತನ್ನ ಲೆಕ್ಕವನ್ನು ತಾನೇ ಕೊಡಬೇಕು. ನಾನು ಕೇಳುವುದು ಇಷ್ಟೇ. ಕೂಡಿಸಿ ಸಿಕ್ಕ ವರ್ಷಗಳನ್ನು ಹಿಜ್ಕೀಯ ಯಾರಿಗಾಗಿ ಇಟ್ಟುಕೊಂಡ? ಬೊಕ್ಕಸವನ್ನು ಪರದೇಶದವರಿಗೆ ತೆರೆದು ತೋರಿಸಲು ಸಮಯ ಇತ್ತು. ಮುಂದೆ ಬರುವವರಿಗಾಗಿ ಒಂದು ಪ್ರಾರ್ಥನೆ ಆ ಹೊತ್ತಿಗೆ ಅವನ ಬಾಯಿಂದ ಬರಲಿಲ್ಲ.

ಈಗ ನಮ್ಮ ಮನೆಗೆ ಬನ್ನಿ. ಒಂದು ಕಿರಾಣಿ ಅಂಗಡಿ ಊಹಿಸಿಕೊಳ್ಳಿ. ಅಪ್ಪನಿಗೆ 58, ಮಗನಿಗೆ 32. ಬೆಳಿಗ್ಗೆ ಶಟರ್ ಎತ್ತುವವನು ಮಗ, ಮೂಟೆ ಇಳಿಸುವವನು ಮಗ. ಗಲ್ಲಾಪೆಟ್ಟಿಗೆಯ ಕೀಲಿ ಮಾತ್ರ ಅಪ್ಪನ ಸೊಂಟದಲ್ಲಿ. ಹೆಂಡತಿಗೆ ಒಂದು ಸೀರೆ ತರಬೇಕಾದರೂ 32 ವರ್ಷದ ಗಂಡಸು ಕೈ ಚಾಚಬೇಕು. ಅಪ್ಪ ಕೆಟ್ಟವರಲ್ಲ, ನನಗೆ ಇನ್ನೂ ಶಕ್ತಿ ಇದೆಯಲ್ಲಾ ಅಂತಾರೆ. ಒಳಗೆ ಅಡುಗೆಮನೆಯಲ್ಲೂ ಅದೇ ಕಥೆ. ಸೊಸೆ ಬಂದು ಎಂಟು ವರ್ಷ ಆಯ್ತು, ಇವತ್ತು ಏನು ಸಾರು ಅಂತ ಇನ್ನೂ ಅತ್ತೆಯನ್ನೇ ಕೇಳಬೇಕು. ಸಭೆಯಲ್ಲಿ ಬೇರೆಯಾ? ಇಪ್ಪತ್ತು ವರ್ಷದಿಂದ ಒಬ್ಬರದೇ ಕೈಯಲ್ಲಿ ಮೈಕು. ಯೌವನಸ್ಥರಿಗೆ ಕುರ್ಚಿ ಜೋಡಿಸುವ ಸೇವೆ. ಇದು ನಮಗೂ ಸೇರಿದ ಮಾತು, ವೇದಿಕೆಯ ಮೇಲೆ ಕೂತಿರುವವರಿಗೂ ಸೇರಿದ ಮಾತು.

ಇದು ಬರೀ ವ್ಯವಸ್ಥೆಯ ಪ್ರಶ್ನೆ ಅಲ್ಲ, ನ್ಯಾಯದ ಪ್ರಶ್ನೆ. ಹೊರುವುದರಿಂದಲೇ ಹೆಗಲು ಬಲವಾಗುತ್ತೆ. ನಾನು ಇಳಿಸದೆ ಇದ್ದರೆ ನನ್ನ ಹೆಗಲು ನೋಯುವುದು ಮಾತ್ರ ಅಲ್ಲ, ನನ್ನ ತಮ್ಮನ ಹೆಗಲು ಬಲವಾಗುವುದೇ ಇಲ್ಲ. ಅವನಿಗೆ ಸೇರಬೇಕಾದ ಬೆಳವಣಿಗೆಯನ್ನು ನಾನು ಕಟ್ಟಿಟ್ಟುಕೊಂಡ ಹಾಗೆ.

5. ಆದರೆ ಕಾಲೇಬ?

ಪಾಸ್ಟರ್, ಕಾಲೇಬನು 85ಕ್ಕೆ ಬೆಟ್ಟ ಕೇಳಲಿಲ್ಲವಾ ಅಂತ ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಮೋಶೆ ಫರೋಹನ ಮುಂದೆ ನಿಂತಾಗ ಅವನಿಗೂ 80. ಹೌದು, 50 ಅನ್ನುವುದು ಎಲ್ಲರಿಗೂ ಹಾಕಿದ ಬೇಲಿ ಅಲ್ಲ. ಲೇವಿಯರ ನಿಯಮವೇ ಮುಂದೆ ಬದಲಾಯ್ತು. ಇನ್ನು ಗುಡಾರವನ್ನು ಹೊರುವ ಕೆಲಸ ಇಲ್ಲ ಅಂತ ದಾವೀದನ ಕಾಲದಲ್ಲಿ ಸೇವೆಗೆ ಸೇರುವ ವಯಸ್ಸನ್ನು 20ಕ್ಕೆ ಇಳಿಸಿದರು ಅಂತ 1 ಪೂರ್ವಕಾಲವೃತ್ತಾಂತ 23ರಲ್ಲಿ ಓದ್ತೇವೆ. ಹೊರೆ ಬದಲಾದಾಗ ವಯಸ್ಸೂ ಬದಲಾಯ್ತು.

ಆದರೆ ಕಾಲೇಬನ ಕಥೆಯನ್ನು ಪೂರ್ತಿ ಓದಿ. ಯೆಹೋಶುವ 14ಕ್ಕೆ ನಿಲ್ಲಿಸಬೇಡಿ, 15ಕ್ಕೆ ಹೋಗಿ. ಹೆಬ್ರೋನಿನ ಎತ್ತರದ ಜನರನ್ನು ಕಾಲೇಬನೇ ಓಡಿಸಿದ. ಮುಂದಿನ ಪಟ್ಟಣ ದೆಬೀರ್ ಬಂದಾಗ, ಇದನ್ನು ಯಾರು ಹಿಡಿಯುತ್ತೀರಿ ಅಂತ ಬೇರೆಯವರಿಗೆ ಅವಕಾಶ ಕೊಟ್ಟ. ಹಿಡಿದವನು ಅವನ ಸಂಬಂಧಿಕ ಒತ್ನೀಯೇಲ. ಮುಂದೆ ಇಸ್ರಾಯೇಲಿನ ಮೊದಲ ನ್ಯಾಯಸ್ಥಾಪಕನಾದದ್ದು ಅದೇ ಒತ್ನೀಯೇಲ. ಶಕ್ತಿ ಇದ್ದರೂ ಎಲ್ಲಾ ಬೆಟ್ಟವನ್ನೂ ತಾನೇ ಹತ್ತಲಿಲ್ಲ, ನೋಡಿ. ಆದುದರಿಂದ ಶಕ್ತಿ ಇದೆಯಾ ಅಂತ ಮಾತ್ರ ಕೇಳಿಕೊಳ್ಳಬೇಡಿ. ನನ್ನ ಪಕ್ಕದಲ್ಲಿ ಒತ್ನೀಯೇಲ ಇದ್ದಾನಾ, ಅವನಿಗೆ ನಾನು ಯಾವ ಪಟ್ಟಣ ಬಿಟ್ಟುಕೊಟ್ಟೆ ಅಂತ ಕೇಳಿಕೊಳ್ಳಿ.

6. ಇಳಿಸಲಾಗದವರು

ಇಲ್ಲಿ ಒಂದು ಮಾತು ಹೇಳದೆ ಹೋದರೆ ನಾನು ಸುಳ್ಳು ಬೋಧಕ ಆಗ್ತೇನೆ. ಹೊರೆ ಇಳಿಸಿ ಅಂತ ಹೇಳುವುದು ಸುಲಭ. 52 ವರ್ಷದ ಗಾರೆ ಕೆಲಸದ ಅಣ್ಣನಿಗೆ ಯಾರು ಪೆನ್ಷನ್ ಕೊಡ್ತಾರೆ? ನಾಲ್ಕು ಮನೆ ಪಾತ್ರೆ ತೊಳೆಯುವ ಅಕ್ಕ ಮೊಣಕಾಲು ನೋವು ಅಂತ ಕೂತರೆ ಮನೆ ಬಾಡಿಗೆ ಯಾರು ಕಟ್ಟುತ್ತಾರೆ? ಅವರು ಹಿಡಿದುಕೊಂಡಿರುವುದು ಗರ್ವದಿಂದ ಅಲ್ಲ, ಹೊಟ್ಟೆಗಾಗಿ.

ಲೇವಿಯನು 50ಕ್ಕೆ ಇಳಿಸಲು ಸಾಧ್ಯವಾದದ್ದು ಯಾಕೆ? ಅರಣ್ಯಕಾಂಡ 18 ಓದಿ. ಉಳಿದ ಕುಲಗಳು ತಂದ ದಶಮಾಂಶದಿಂದ ಲೇವಿಯರು ಊಟ ಮಾಡಿದರು. ಅಂದರೆ ಒಬ್ಬನ ವಿಶ್ರಾಂತಿಯನ್ನು ಬೇರೆಯವರು ಕೂಡಿ ಏರ್ಪಡಿಸಿದ್ದರು. ವಿಶ್ರಾಂತಿ ತಾನಾಗಿ ಬರುವುದಿಲ್ಲ, ಯಾರೋ ಅದರ ಬೆಲೆ ಕೊಟ್ಟಿರುತ್ತಾರೆ. ನಮ್ಮ ಸಭೆ ಆ ಬೆಲೆ ಕೊಡುತ್ತಾ? ಕಟ್ಟಡದ ಕಾಣಿಕೆಗೆ ಕವರ್ ಹಂಚಿದ ಹಾಗೆ ಇದಕ್ಕೂ ಒಂದು ಪೆಟ್ಟಿಗೆ ಇಡಬಾರದಾ? ಇಲ್ಲಿರುವ ಯೌವನಸ್ಥರು ಒಂದು ಕೆಲಸ ಮಾಡಿ. ಸರ್ಕಾರದ ಅಟಲ್ ಪೆನ್ಷನ್ ಯೋಜನೆಗೆ ಸೇರಲು 18ರಿಂದ 40ರ ವಯಸ್ಸು ಬೇಕು, 60 ಆದ ಮೇಲೆ ತಿಂಗಳಿಗೆ 1000ದಿಂದ 5000 ರೂಪಾಯಿ ಬರುತ್ತೆ. ನಿಮ್ಮ ಬೀದಿಯಲ್ಲಿ ಗಾರೆ ಕೆಲಸಕ್ಕೆ ಹೋಗುವ ಅಣ್ಣನಿಗೆ 38 ಇದ್ದರೆ, ನಲವತ್ತು ದಾಟುವ ಮೊದಲು ಬ್ಯಾಂಕಿಗೆ ಕರೆದುಕೊಂಡು ಹೋಗಿ ಫಾರಂ ತುಂಬಿಸಿ. ಇದೂ ಸೇವೆಯೇ.

ಹಾಗೇ ನಡುವಯಸ್ಸಿನ ಅಕ್ಕಂದಿರ ಹೊರೆಯನ್ನು ಯಾರೂ ಎಣಿಸುವುದಿಲ್ಲ. ಅರಣ್ಯಕಾಂಡ 4ರಲ್ಲಿ ಹೊರುವ ಲೇವಿಯರನ್ನು ಎಣಿಸಿದರು, 8580 ಜನ. ನಿಮ್ಮ ಮನೆಯಲ್ಲಿ ಯಾರು ಎಷ್ಟು ಹೊರುತ್ತಾರೆ ಅಂತ ಯಾರಾದರೂ ಎಣಿಸಿದ್ದೀರಾ? ಒಂದು ಕಡೆ ಮಗಳ ಪಿಯುಸಿ ಪರೀಕ್ಷೆ, ಇನ್ನೊಂದು ಕಡೆ ಹಾಸಿಗೆ ಹಿಡಿದ ಅತ್ತೆ, ನಡುವೆ ತನ್ನದೇ ದೇಹದ ಬದಲಾವಣೆ. ವಯಸ್ಸಾದ ತಂದೆತಾಯಿಯನ್ನು ಮಕ್ಕಳು ನೋಡಿಕೊಳ್ಳಬೇಕು ಅಂತ 2007ರಲ್ಲಿ ಕಾನೂನೇ ಬಂತು. ಮಕ್ಕಳು ಅಂತ ಕಾನೂನು ಹೇಳುತ್ತೆ, ಆದರೆ ರಾತ್ರಿ ಎದ್ದು ಹಾಸಿಗೆ ಬದಲಾಯಿಸುವವಳು ಹೆಚ್ಚಿನ ಮನೆಗಳಲ್ಲಿ ಸೊಸೆ. ಅಣ್ಣಂದಿರೇ, ಇವತ್ತು ಮನೆಗೆ ಹೋಗಿ ಆ ಹೊರೆಯ ಒಂದು ತುದಿ ಹಿಡಿಯಿರಿ.

7. ಈಗ ಏನು ಮಾಡೋಣ?

ಕೊನೆಗೆ ಮೂರು ಗುಂಪಿಗೆ ಮೂರು ಮಾತು.

20ರಲ್ಲೂ 30ರ ಆರಂಭದಲ್ಲೂ ಇರುವ ತಮ್ಮಂದಿರೇ, ತಂಗಿಯರೇ. ಹೊರೆ ಸಿಗಲಿಲ್ಲ ಅಂತ ಗೊಣಗುವ ಮೊದಲು ಹೊರುವವರ ಪಕ್ಕದಲ್ಲಿ ನಡೆಯಿರಿ. ಹಿರಿಯರು ಕೊಟ್ಟಾಗ ಕೈ ಹಿಂದೆ ಎಳೆಯಬೇಡಿ. ಕೀಲಿ ಬೇಕು, ಆದರೆ ಬೆಳಿಗ್ಗೆ ಆರಕ್ಕೆ ಶಟರ್ ಎತ್ತುವುದು ಬೇಡ ಅಂದರೆ ಆಗುವುದಿಲ್ಲ. ರೆಹಬ್ಬಾಮನನ್ನು ನೆನಪಿಡಿ. ಪಟ್ಟಕ್ಕೆ ಬಂದಾಗ ಅವನಿಗೆ 41. ಹಿರಿಯರ ಆಲೋಚನೆ ಕೇಳಿದ, ಅದನ್ನು ಬಿಟ್ಟು ತನ್ನ ಜೊತೆ ಬೆಳೆದ ಗೆಳೆಯರ ಮಾತಿಗೆ ಕುಣಿದ, ರಾಜ್ಯ ಎರಡು ಹೋಳಾಯ್ತು. ವಯಸ್ಸು ತಾನಾಗಿ ಬರುತ್ತೆ, ಬುದ್ಧಿ ತಾನಾಗಿ ಬರುವುದಿಲ್ಲ.

40ರ ಸುತ್ತ ಇರುವವರೇ. ನೀವು ದಣಿದಿದ್ದೀರಿ, ನನಗೆ ಗೊತ್ತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಲ್ಲಿ ಶುರುವಾದ ಒಂದು ಅಧ್ಯಯನ ಇದೆ. 700ಕ್ಕೂ ಹೆಚ್ಚು ಗಂಡಸರನ್ನು ಯೌವನದಿಂದ ಮುಪ್ಪಿನವರೆಗೆ ಹಿಂಬಾಲಿಸಿ ನೋಡಿದರು. ಅವರು ಕಂಡುಕೊಂಡದ್ದು ಏನು? 50 ವರ್ಷದಲ್ಲಿ ಕೊಲೆಸ್ಟ್ರಾಲ್ ಎಷ್ಟಿತ್ತು ಅನ್ನುವುದಕ್ಕಿಂತ, ಆ ವಯಸ್ಸಿನಲ್ಲಿ ತನ್ನವರ ಜೊತೆ ಎಷ್ಟು ಚೆನ್ನಾಗಿದ್ದ ಅನ್ನುವುದೇ 80ರ ಆರೋಗ್ಯವನ್ನು ಚೆನ್ನಾಗಿ ಮೊದಲೇ ತೋರಿಸಿತ್ತು. ಇಎಂಐ ಕಟ್ಟುವ ಓಟದಲ್ಲಿ ಹೆಂಡತಿಯ ಜೊತೆ, ಅಣ್ಣತಮ್ಮಂದಿರ ಜೊತೆ, ಗೆಳೆಯರ ಜೊತೆ ಮಾತು ನಿಂತುಹೋಗಿದೆಯಾ? ಜಾಗದ ವ್ಯಾಜ್ಯದಿಂದ ಅಣ್ಣನ ಮನೆಯ ಮೆಟ್ಟಿಲು ತುಳಿದಿಲ್ಲವಾ? ಇವತ್ತೇ ಫೋನ್ ಮಾಡಿ. ಹೊರೆಯನ್ನು ಒಬ್ಬನೇ ಹೊರಬೇಕು ಅಂತ ದೇವರು ಯಾವ ಲೇವಿಯನಿಗೂ ಹೇಳಲಿಲ್ಲ.

50 ದಾಟಿದವರೇ, ಹಿರಿಯರೇ. ಈ ತಿಂಗಳು ಒಂದು ಕೀಲಿ ಕೊಟ್ಟುಬಿಡಿ. ಗಲ್ಲಾಪೆಟ್ಟಿಗೆಯದ್ದಿರಲಿ, ಅಡುಗೆಮನೆಯದ್ದಿರಲಿ, ಸೇವೆಯದ್ದಿರಲಿ, ಒಂದು ಮಾತ್ರ. ಕೊಟ್ಟ ಮೇಲೆ ಎರಡು ಕೆಲಸ ಮಾಡಬೇಡಿ. ಅವನು ತಪ್ಪು ಮಾಡಿದ ದಿನವೇ ಕಿತ್ತುಕೊಳ್ಳಬೇಡಿ. ಹಾಗೇ, ಈಗ ನಿನ್ನದು, ನೀನುಂಟು ನಿನ್ನ ಹಣೆಬರಹ ಉಂಟು ಅಂತ ಮುಖ ತಿರುಗಿಸಿ ಹೋಗಬೇಡಿ. ಹೊರೆಯನ್ನು ಇಳಿಸಿ, ಸಹೋದರರನ್ನು ಕೈಬಿಡಬೇಡಿ. 50ರ ಲೇವಿಯನು ಎಲ್ಲಿಗೆ ಹೋದನು ಅಂತ ಯಾರಾದರೂ ಕೇಳಿದರೆ ಉತ್ತರ ಇಷ್ಟೇ, ಅವನು ಎಲ್ಲಿಗೂ ಹೋಗಲಿಲ್ಲ. ಕಂಬ ಹೊರುವ ಹುಡುಗನ ಪಕ್ಕದಲ್ಲೇ ನಿಂತಿದ್ದನು.

ಎಲ್ಲರೂ ಎದ್ದು ನಿಂತು ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ನಮ್ಮ ವರ್ಷಗಳು ನಿನ್ನ ಕೈಯಲ್ಲಿವೆ. ದಾರಿ ಕಾಣದೆ ನಿಂತಿರುವ ಯೌವನಸ್ಥರಿಗೆ ಕಲಿಯುವ ಮನಸ್ಸು ಕೊಡು. ಎರಡು ಕಡೆಯ ಹೊರೆಯ ನಡುವೆ ಬಳಲಿದ ನಮ್ಮ ಅಕ್ಕಂದಿರಿಗೂ ಅಣ್ಣಂದಿರಿಗೂ ಜೊತೆಗೆ ಹೊರುವ ಕೈಗಳನ್ನು ಕೊಡು. ಹಿರಿಯರಿಗೆ ಬಿಟ್ಟುಕೊಡುವ ಧೈರ್ಯ ಕೊಡು. ಇಳಿಸಲಾಗದೆ ದುಡಿಯುತ್ತಾ ಇರುವವರನ್ನು ನಾವು ಮರೆಯದ ಹಾಗೆ ಮಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.